ಹಾಲು ಉಕ್ಕದಂತೆ ನೋಡಿಕೊಳ್ಳುವ ಬಗೆ

ಪ್ರಕಾಶನದ ಕಚೇರಿಯಲ್ಲಿ ಅವಳಿಗೆ ಅಲ್ಪವಿರಾಮ ಎಂದು ಅಡ್ಡಹೆಸರು. ಕರಡಿನಲ್ಲಿ ಒಂದು ಅಲ್ಪವಿರಾಮ ಜಾಗ ತಪ್ಪಿ ಕೂತಿದ್ದರೂ ಓಡಿಹೋಗಿ ಅಚ್ಚಿನ ಯಂತ್ರ ನಿಲ್ಲಿಸಿ ಬರುವ ಹೆಂಗಸು ಎಂದು ಯಾರೋ ಇಟ್ಟಿದ್ದು. ಇಟ್ಟವರು ನಿವೃತ್ತರಾಗಿ ಹೋದರು, ಹೆಸರು ಉಳಿಯಿತು. ಅವಳಿಗೇನೂ ಬೇಸರವಿರಲಿಲ್ಲ. ಪ್ರಧಾನ ಸಂಪಾದಕರಿಗೆ ಪೂರ್ಣವಿರಾಮ ಎಂದು ಹೆಸರಿಟ್ಟವಳು ಅವಳೇ. ಅವರು ಮಾತು ಮುಗಿಸಿದ ಮೇಲೆ ಆ ಕೋಣೆಯಲ್ಲಿ ಬೇರೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಎದುರಿಗೆ ಮಾತ್ರ ಎಲ್ಲರ ಪಾಲಿಗೂ ಅವರು ಮೇಷ್ಟ್ರು.

ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಭಾಷೆಯ ಮೊದಲ ಸಣ್ಣಕತೆ ಇದೇ ಎಂದು ಹುಡುಕಿ ತೋರಿಸಿದವರು ಅವರು. ಅದನ್ನು ಬರೆದ ಮಹನೀಯರಿಗೆ ಕಥಾಪಿತಾಮಹ ಎಂಬ ಬಿರುದು ಅಂಟಿಸಿದವರೂ ಅವರೇ. ಹರೆಯದಲ್ಲಿ ಒಂದು ಹಳೆಯ ಮಾಸಪತ್ರಿಕೆಯ ಸಂಚಿಕೆಗಳನ್ನೆಲ್ಲ ತಿರುವಿ ಹಾಕಿ, ಯಾವ ತಿಂಗಳು ಯಾರು ಏನು ಬರೆದರು ಎಂಬ ಸೂಚಿ ತಯಾರಿಸಿದ್ದರು. ಆಮೇಲೆ ಬಂದ ವಿದ್ವಾಂಸರೆಲ್ಲ ಆ ಸೂಚಿಯನ್ನು ನೋಡಿದರೇ ಹೊರತು ಪತ್ರಿಕೆಯನ್ನು ನೋಡಲಿಲ್ಲ. ಮನೆ ಬಾಗಿಲಲ್ಲಿ ಬಾವಿ ಇರುವಾಗ ಹೊಳೆಗೆ ಯಾರು ಹೋಗುತ್ತಾರೆ?

ಈಗ ಪ್ರಕಾಶನ ನೂರು ವರ್ಷದ ಕತೆಗಳನ್ನು ಆರಿಸಿ ಸಂಪುಟಗಳಾಗಿ ತರಲು ಹೊರಟಿತ್ತು. ಕಾಲೇಜುಗಳಲ್ಲಿ ಪಠ್ಯವಾಗುವುದು ಖಚಿತ. ಅದರಲ್ಲಿ ಬಂದವರು ಬದುಕಿದರು. ಬಾರದವರು ಇದ್ದೂ ಸತ್ತಂತೆ. ಮೊದಲ ಸಂಪುಟಕ್ಕೆ ಮೇಷ್ಟ್ರು ಬರೆದ ಮುನ್ನುಡಿಯ ಕರಡು ತಿದ್ದಲು ಅಲ್ಪವಿರಾಮಳ ಮೇಜಿಗೆ ಬಂತು. ಎರಡನೆಯ ಪುಟದಲ್ಲಿ ಹೀಗಿತ್ತು: ‘ಈ ಅವಧಿಯಲ್ಲಿ ಮಹಿಳೆಯರು ಸಣ್ಣಕತೆ ಬರೆದಂತೆ ಕಂಡುಬರುವುದಿಲ್ಲ. ಮನೆಗೆಲಸದ ನಡುವೆ ಅವರಿಗೆ ಅದಕ್ಕೆ ಬಿಡುವೂ ಇರಲಿಲ್ಲ.’

ಆ ವಾಕ್ಯಗಳಲ್ಲಿ ತಿದ್ದಲು ಏನೂ ಇರಲಿಲ್ಲ. ವ್ಯಾಕರಣ ಸರಿ, ಚಿಹ್ನೆಗಳು ಸರಿ. ಅವಳ ಕೆಂಪು ಪೆನ್ನು ಅಲ್ಲೇ ನಿಂತಿತು. ಆಫೀಸು, ಅಡುಗೆ, ಅತ್ತೆ, ಮಗಳ ಪರೀಕ್ಷೆ, ಇಷ್ಟರ ನಡುವೆ ತಾನು ಊರವರ ಪುಸ್ತಕವನ್ನೆಲ್ಲ ತಿದ್ದುತ್ತಿಲ್ಲವೇ? ಬಿಡುವಿದ್ದವರು ಮಾತ್ರ ಬರೆದಿದ್ದರೆ ಈ ಲೋಕದಲ್ಲಿ ಬರೀ ಜಮೀನ್ದಾರರ ಆತ್ಮಕತೆಗಳು ಇರುತ್ತಿದ್ದವು.

ಆಯ್ಕೆ ಸಭೆಯಲ್ಲಿ ಅವಳು ಕೇಳಿಯೇಬಿಟ್ಟಳು. ಸಭೆ ಎಂದರೆ ನಾಲ್ವರು: ಮೇಷ್ಟ್ರು, ಒಬ್ಬ ವಿಮರ್ಶಕ, ಒಬ್ಬ ಕವಿ, ಮತ್ತು ಕಾಗದದ ಬೆಲೆ ಬಿಟ್ಟು ಬೇರೆ ಯಾವುದಕ್ಕೂ ತಲೆ ಎತ್ತದ ಪ್ರಕಾಶಕರು. ಅವಳ ಕೆಲಸ ಓದಿ ಹೇಳುವುದು, ಬರೆದುಕೊಳ್ಳುವುದು.

“ಸರ್, ಆ ಕಾಲದ ಹೆಂಗಸರು ಒಂದು ಕತೆಯನ್ನೂ ಬರೀಲಿಲ್ಲ ಅಂತ ಹೇಗೆ ಹೇಳೋದು?”

“ನಾನು ಹೇಳ್ತಾ ಇಲ್ಲಮ್ಮ, ಸೂಚಿ ಹೇಳುತ್ತೆ,” ಎಂದರು ಮೇಷ್ಟ್ರು. “ನನಗೇನು ಹೆಂಗಸರ ಮೇಲೆ ಹಗೆನಾ? ಇದ್ರೆ ತಂದು ತೋರಿಸು. ಮುಂದಿನ ಸಭೆವರೆಗೆ ಕಾಯ್ತೀನಿ. ಅದಾದ ಮೇಲೆ ಸಂಪುಟ ಅಚ್ಚಿಗೆ ಹೋಗುತ್ತೆ.”

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗುತ್ತೆ ನೋಡಿ,” ಎಂದ ವಿಮರ್ಶಕ, ನಗುತ್ತಾ.

ಅವಳು ಬೆಟ್ಟ ಅಗೆಯಲು ಹೊರಟಳು. ಹಳೆಯ ಗ್ರಂಥಾಲಯದ ಮೇಲಂತಸ್ತಿನಲ್ಲಿ ಆ ಮಾಸಪತ್ರಿಕೆಯ ರಟ್ಟು ಕಟ್ಟಿದ ಸಂಪುಟಗಳು ಗೋಡೆಯುದ್ದಕ್ಕೂ ನಿಂತಿದ್ದವು. ಧೂಳೆಂದರೆ ಧೂಳು, ಒಂದು ಸಂಪುಟ ಇಳಿಸಿದರೆ ಐದು ಸೀನು ಗ್ಯಾರಂಟಿ. ಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕತೆ ಎಂಬ ತಲೆಬರಹದ ಕೆಳಗಿರುವುದನ್ನೆಲ್ಲ ನೋಡಿದಳು. ಎಲ್ಲವೂ ಗಂಡಸರವೇ. ಒಂದೆರಡು ಕಡೆ ಹೆಣ್ಣು ಹೆಸರು ಕಂಡು ಎದೆ ಹಾರಿತು. ವಿಚಾರಿಸಿದರೆ ಮೀಸೆ ಹೊತ್ತ ವಕೀಲರೊಬ್ಬರು ಹೆಂಡತಿಯ ಹೆಸರಿಟ್ಟುಕೊಂಡು ಬರೆದಿದ್ದು. ಹೆಂಡತಿಯ ಹೆಸರನ್ನೂ ಬಿಡಲಿಲ್ಲವಲ್ಲ ಮಹರಾಯರು ಎಂದು ಬೈದುಕೊಂಡು ಪುಟ ತಿರುಗಿಸಿದಳು.

ಸಭೆ ಹತ್ತಿರವಾಯಿತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಯೋಚನೆಯಲ್ಲಿ ಮುಳುಗಿ ನಿಂತಿದ್ದಾಗಲೇ ಹಾಲು ಉಕ್ಕಿ ಒಲೆಯೆಲ್ಲ ಒದ್ದೆಯಾಯಿತು. ಅದೇನು ಹೊಸದಲ್ಲ, ವಾರಕ್ಕೆ ಮೂರು ಸಲ ಆಗುವುದೇ. ಅತ್ತೆ ತಮ್ಮ ಕುರ್ಚಿಯಿಂದಲೇ ಕೂಗಿದರು: “ಪುಸ್ತಕದಲ್ಲಿ ಒಂದು ಚುಕ್ಕಿ ಹೋದ್ರೂ ಕಾಣುತ್ತೆ ನಿಂಗೆ, ಎದುರಿಗಿರೋ ಹಾಲು ಕಾಣಲ್ವೇನೇ?” ಗಂಡ ಪೇಪರಿನ ಹಿಂದೆ ಅಡಗಿ ಕೂತ. ಅತ್ತೆ ಸೊಸೆ ಮಾತಿನ ನಡುವೆ ತಲೆ ಹಾಕುವುದಕ್ಕಿಂತ ಪೇಪರೇ ವಾಸಿ ಎಂದು ಅವನು ಮದುವೆಯಾದ ಹೊಸದರಲ್ಲೇ ಕಲಿತುಬಿಟ್ಟಿದ್ದ.

ಅದೇ ಸಿಟ್ಟಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಮತ್ತೊಂದು ಸಂಪುಟ ತೆರೆದಳು. ಕೊನೆಯ ಪುಟಗಳಲ್ಲಿ ‘ಸೋದರಿಯರಿಗೆ’ ಎಂಬ ಅಂಕಣ. ಪ್ರತಿ ಸಂಚಿಕೆಯಲ್ಲೂ ಇರುವಂಥದ್ದು; ಬೀಗದ ತುಕ್ಕು ಬಿಡಿಸುವ ಬಗೆ, ದೀಪದ ಗಾಜು ಒಡೆಯದಂತೆ ಕಾಪಾಡುವ ಬಗೆ, ಇಂಥವು. ಆ ತಿಂಗಳ ತಲೆಬರಹ ಕಣ್ಣಿಗೆ ಹೊಡೆಯಿತು: ‘ಹಾಲು ಉಕ್ಕದಂತೆ ನೋಡಿಕೊಳ್ಳುವ ಬಗೆ.’ ಬರೆದವರು: ‘ಒಬ್ಬ ಗೃಹಿಣಿ.’

ನನಗೆಂದೇ ಬರೆದಿದ್ದಾಳಲ್ಲ ಪುಣ್ಯಾತ್ಗಿತ್ತಿ ಎಂದು ನಗು ಬಂತು. ಇವತ್ತು ಇದನ್ನು ಕಲಿತುಕೊಂಡು ಹೋಗಿ ಅತ್ತೆಯ ಬಾಯಿ ಮುಚ್ಚಿಸುತ್ತೇನೆ ಎಂದು ಓದತೊಡಗಿದಳು.

‘ಹಾಲಿನ ಪಾತ್ರೆಯ ಬಾಯಿಗೆ ಅಡ್ಡಲಾಗಿ ಒಂದು ಮರದ ಸೌಟನ್ನು ಇಟ್ಟರೆ ಹಾಲು ಉಕ್ಕುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮರದ ಸೌಟು ಇದ್ದದ್ದು ಒಂದೇ. ಅದು ಯಾವಾಗಲೂ ನನ್ನ ಯಜಮಾನರ ಕೈಯಲ್ಲಿರುತ್ತಿತ್ತು.’

ಅಲ್ಪವಿರಾಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮೂರನೆಯ ವಾಕ್ಯವನ್ನು ಇನ್ನೊಮ್ಮೆ ಓದಿದಳು. ಮರದ ಸೌಟು ಯಜಮಾನರ ಕೈಗೆ ಯಾಕೆ ಬೇಕು? ಅರ್ಥವಾದ ಕೂಡಲೇ ಮೈ ಜುಮ್ಮೆಂದಿತು.

ಮುಂದೆ ಓದಿದಳು. ಹೆಂಡತಿ ಒಳಗೆ ಹಾಲು ಕಾಯಿಸುತ್ತಿದ್ದಾಳೆ. ಹೊರಗಿನ ಕೋಣೆಯಲ್ಲಿ ಯಜಮಾನರು ಗೆಳೆಯರನ್ನು ಕೂರಿಸಿಕೊಂಡು ಸ್ತ್ರೀಯರ ಏಳಿಗೆಯ ಬಗ್ಗೆ ಚರ್ಚೆ ನಡೆಸಿದ್ದಾರೆ. ಹಾಲು ಉಕ್ಕಿದ ದಿನವೆಲ್ಲ ಸೌಟಿನ ಏಟು ಬೀಳುವುದು ಆ ಮನೆಯ ಕ್ರಮ. ಗೋಡೆಯಾಚೆಗೆ ಯಜಮಾನರು ಹೇಳುತ್ತಾರೆ: ಸ್ತ್ರೀಯರಿಗೆ ಒಂದೇ ವಿಷಯದಲ್ಲಿ ಮನಸ್ಸು ನಿಲ್ಲಿಸುವ ಶಕ್ತಿ ಇಲ್ಲ, ಆದ್ದರಿಂದ ಅವರಿಗೆ ವಿದ್ಯೆಯನ್ನು ಚಮಚದಲ್ಲಿ ಕೊಡಬೇಕು. ಒಳಗೆ ಹೆಂಡತಿ ಮೊದಲ ಸಲ ಮನಸ್ಸನ್ನು ಒಂದೇ ವಿಷಯದಲ್ಲಿ ನಿಲ್ಲಿಸಿ ಕೇಳುತ್ತಾಳೆ. ಹಾಲು ಏಳುತ್ತದೆ. ಅವಳು ಕೂತೇ ಇರುತ್ತಾಳೆ. ಹಾಲು ಉಕ್ಕಿ, ನೆಲಕ್ಕೆ ಸುರಿದು, ಹೊಸ್ತಿಲು ದಾಟಿ, ಹೊರಗೆ ಹಾಸಿದ ಜಮಖಾನೆಗೆ ಇಳಿದು, ಗೆಳೆಯರ ಕಾಲಿಗೆ ಬೆಚ್ಚಗೆ ತಾಗುತ್ತದೆ. ಯಜಮಾನರು ಸೌಟು ಹಿಡಿದು ಒಳಗೆ ನುಗ್ಗುತ್ತಾರೆ. ಹಿಂದೆಯೇ ಗೆಳೆಯರೂ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಕೈ ಎತ್ತುವ ಹಾಗಿಲ್ಲ. ಅವಳು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ: ‘ಸೌಟನ್ನು ಇಲ್ಲಿ ಕೊಡಿ. ಅದು ಇರಬೇಕಾದ ಜಾಗ ಪಾತ್ರೆಯ ಮೇಲೆ.’

‘ಅವರು ಕೊಟ್ಟರು. ಅಂದಿನಿಂದ ಸೌಟು ಪಾತ್ರೆಯ ಮೇಲಿದೆ. ಸೋದರಿಯರೇ, ನಮ್ಮ ಮನೆಯಲ್ಲಿ ಈಗ ಹಾಲು ಉಕ್ಕುವುದಿಲ್ಲ.’

ಅಲ್ಪವಿರಾಮ ಆ ನಿಶ್ಶಬ್ದದ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಅಬ್ಬಾ ನಿನ್ನ ಜಾಣತನವೇ ಎಂದುಕೊಂಡಳು. ಮನೆಯ ಯಜಮಾನರು ಎಷ್ಟೇ ಬಿಡುವಾಗಿ ಕೂತಿದ್ದರೂ ಹಾಲು ಕಾಯಿಸುವ ಬಗೆ ಓದುವುದುಂಟೇ? ಅಲ್ಲಿ ಬಚ್ಚಿಟ್ಟರೆ ನೂರು ವರ್ಷವಾದರೂ ಅವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದಿರಲೂ ಇಲ್ಲ. ಸೂಚಿಯ ಆ ತಿಂಗಳ ಪುಟ ತೆಗೆದು ನೋಡಿದಳು. ಲೇಖನ, ಕವಿತೆ, ಗ್ರಂಥ ಪರಿಚಯ ಎಲ್ಲವೂ ಸಾಲಾಗಿದ್ದವು. ಕಡೆಯಲ್ಲಿ ಮೇಷ್ಟ್ರ ಹರೆಯದ ಖಚಿತ ಮಾತು: ‘ಸೋದರಿಯರಿಗೆ: ಗೃಹಕೃತ್ಯ. ಬಿಟ್ಟಿದೆ.’ ಪ್ರತಿ ತಿಂಗಳ ಕೆಳಗೂ ಅದೇ. ಬಿಟ್ಟಿದೆ, ಬಿಟ್ಟಿದೆ, ಬಿಟ್ಟಿದೆ.

ಆಮೇಲೆ ಅವಳು ಗೃಹಕೃತ್ಯ ಬಿಟ್ಟು ಬೇರೇನನ್ನೂ ಓದಲಿಲ್ಲ. ಎಲ್ಲವೂ ಕತೆಗಳಲ್ಲ, ಅದೂ ನಿಜ. ತಿಗಣೆ ಓಡಿಸುವ ಬಗೆ ಪ್ರಾಮಾಣಿಕವಾಗಿ ತಿಗಣೆಯ ಬಗ್ಗೆಯೇ ಇತ್ತು. ಕೊನೆಯವರೆಗೂ ಕಾದು ಓದಿ ಮೋಸಹೋದಳು. ಆದರೆ ಬೀಗದ ತುಕ್ಕು ಬಿಡಿಸುವ ಬಗೆಯಲ್ಲಿ ಹೊರಗಿನಿಂದ ಬೀಗ ಹಾಕಿಸಿಕೊಂಡ ಸೊಸೆಯೊಬ್ಬಳಿದ್ದಳು. ದೀಪದ ಗಾಜಿನ ಕೆಳಗೆ ಕದ್ದು ಅಕ್ಷರ ಕಲಿಯುವ ವಿಧವೆಯೊಬ್ಬಳಿದ್ದಳು. ಸಭೆಗೆ ಮುಂಚೆ ಎರಡು ವರ್ಷದ ಸಂಚಿಕೆಗಳನ್ನು ಮಾತ್ರ ನೋಡಿ ಮುಗಿಸಲು ಸಾಧ್ಯವಾಯಿತು.

ಹಾಲಿನ ಕತೆಯ ಪ್ರತಿ ಹಿಡಿದುಕೊಂಡು ಮೇಷ್ಟ್ರ ಕೋಣೆಗೆ ಓಡಿದಳು. ಅವರು ಮೇಲಿದ್ದ ಅಂಕಣದ ತಲೆಬರಹವನ್ನಷ್ಟೇ ನೋಡಿ ಕಾಗದವನ್ನು ಅವಳ ಕಡೆಗೇ ಸರಿಸಿದರು.

“ಇದು ಸಲಹೆ ಕಣಮ್ಮ, ಕತೆಯಲ್ಲ.”

“ಒಂದ್ಸಲ ಓದಿ ಸರ್. ಒಂದೂವರೆ ಪುಟ ಅಷ್ಟೇ.”

“ಓದೋದೇನಿದೆ? ಆ ಅಂಕಣ ನನಗೆ ಗೊತ್ತು. ನಾನೇ ಸೂಚಿ ಮಾಡಿದವನು. ನಾಳೆ ಇನ್ನೊಬ್ಬರು ಬಂದು ಬಟ್ಟೆ ಒಗೆಯೋ ಬಗೆ ಮಹಾಕಾವ್ಯ ಅಂತಾರೆ.” ಅವರು ಸಿಟ್ಟು ಮಾಡಲಿಲ್ಲ, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮನೆಗೆ ಬಂದು ಕಾಗದವನ್ನು ಮೇಜಿನ ಮೇಲೆ ಎಸೆದು ಮುಖ ತೊಳೆಯಲು ಹೋದಳು. ಬರುವಷ್ಟರಲ್ಲಿ ಅದು ಅತ್ತೆಯ ಕೈಯಲ್ಲಿತ್ತು. ತಲೆಬರಹ ನೋಡಿ ಅವರಿಗೆ ಖುಷಿಯಾಗಿತ್ತು, ಅಂತೂ ಸೊಸೆ ದಾರಿಗೆ ಬಂದಳು ಎಂದು. ಮೂರನೆಯ ವಾಕ್ಯಕ್ಕೆ ಅವರ ತುಟಿಯಲ್ಲಿದ್ದ ನಗು ನಿಂತಿತು. ಪೂರ್ತಿ ಓದಿದರು. ಮತ್ತೆ ಮೊದಲಿನಿಂದ ಓದಿದರು.

“ನಮ್ಮಮ್ಮಂಗೂ ಹೀಗೇ ಬೀಳೋದು,” ಎಂದರು ಕೊನೆಗೆ. “ಸೌಟಲ್ಲ, ಚಪ್ಪಲಿ. ಹೊರಗೆ ಅಪ್ಪ ಬಹಳ ದೊಡ್ಡ ಮನುಷ್ಯರು. ಇದನ್ನ ಓದಿದ್ದಿದ್ರೆ ಅವಳು ಎಷ್ಟು ನಗ್ತಿದ್ಲೋ.” ಸೆರಗಿನಿಂದ ಮೂಗು ಒರೆಸಿಕೊಂಡು, “ಇದು ಪುಸ್ತಕದಲ್ಲಿ ಬರುತ್ತೆ ತಾನೇ?” ಎಂದು ಕೇಳಿದರು.

“ಬರಲ್ಲ ಅತ್ತೆ. ತಲೆಬರಹ ನೋಡಿ ವಾಪಸ್ ಕೊಟ್ರು.”

“ಓದು ಅಂತ ಕೈಗೆ ಕೊಟ್ರೆ ತಲೆಬರಹ ನೋಡೇ ನೋಡ್ತಾರೆ. ಕೈಗ್ಯಾಕೆ ಕೊಟ್ಟೆ? ಓದಿ ಹೇಳೋ ಕೆಲಸ ನಿಂದೇ ಅಲ್ವೇನೇ?”

ಅಲ್ಪವಿರಾಮ ಅತ್ತೆಯನ್ನೇ ನೋಡಿದಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಕತೆ.

ಆಯ್ಕೆ ಸಭೆಗೆ ಒಂದು ಪದ್ಧತಿಯಿತ್ತು, ಅದನ್ನು ತಂದವರು ಮೇಷ್ಟ್ರೇ. ಹಿಂದೊಮ್ಮೆ ಪ್ರಕಾಶಕರು ತಮ್ಮ ಭಾವಮೈದುನನ ಕತೆಯೊಂದನ್ನು ತುರುಕಲು ನೋಡಿದ್ದರು. ಅಂದಿನಿಂದ ಪ್ರತಿ ಕತೆಯ ತಲೆಬರಹ, ಬರೆದವರ ಹೆಸರು, ಪ್ರಕಟವಾದ ಇಸವಿ, ಮೂರರ ಮೇಲೂ ಕಾಗದದ ಪಟ್ಟಿ ಅಂಟಿಸಬೇಕು. ಕಚೇರಿಯವರು ಮೂಲ ನೋಡಿ ಖಚಿತಪಡಿಸಿದ ಯಾವ ಕತೆಯಾದರೂ ಸಭೆಯಲ್ಲಿ ಓದುವ ಕಟ್ಟಿಗೆ ಸೇರಬಹುದು. ಸಹಾಯಕ ಸಂಪಾದಕಿ, ಅಂದರೆ ಅವಳು, ಗಟ್ಟಿಯಾಗಿ ಓದಬೇಕು. ಕೇಳಿದವರು ಕೈ ಎತ್ತಬೇಕು. ನಾಲ್ಕೂ ಕೈ ಎದ್ದರೆ ಕತೆ ಒಳಗೆ. ಪಟ್ಟಿ ತೆಗೆಯುವುದು ಅದಾದ ಮೇಲೆ. ಎದ್ದ ಕೈಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಕೊನೆಯ ಸಭೆಯ ದಿನ ಅವಳು ಮೂರು ಪಟ್ಟಿಗಳನ್ನೂ ತಾನೇ ಕತ್ತರಿಸಿ, ಗೋಂದು ಹಚ್ಚಿ, ಉಗುರಿನಿಂದ ಗೀರಿ ಅಂಟಿಸಿದಳು. ಅವತ್ತು ಉಳಿದಿದ್ದ ಮೂರು ಕತೆಗಳಲ್ಲಿ ಇದನ್ನು ಕಡೆಗಿಟ್ಟಳು. ಮೊದಲೆರಡಕ್ಕೆ ಕವಿ ಆಕಳಿಸಿದ. ಪ್ರಕಾಶಕರು ಪುಟ ಲೆಕ್ಕ ಹಾಕುತ್ತಿದ್ದರು. ಅವಳು ನೀರು ಕುಡಿದು ಓದತೊಡಗಿದಳು.

ಮೂರನೆಯ ವಾಕ್ಯಕ್ಕೆ ಕವಿಯ ಆಕಳಿಕೆ ಅರ್ಧಕ್ಕೇ ನಿಂತಿತು. ವಿದ್ಯೆಯನ್ನು ಚಮಚದಲ್ಲಿ ಕೊಡಬೇಕು ಎಂಬಲ್ಲಿಗೆ ಬಂದಾಗ ವಿಮರ್ಶಕ ಫಕ್ಕನೆ ನಕ್ಕ. ಹಾಲು ಹೊಸ್ತಿಲು ದಾಟುವಾಗ ಪ್ರಕಾಶಕರು ತಮ್ಮ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿದ್ದನ್ನು ಅವಳು ಓರೆಗಣ್ಣಿನಿಂದ ಕಂಡಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯ ಸಾಲು ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.

“ಎಲ್ಲಿತ್ತು ಇದು?” ಎಂದರು. “ಇಷ್ಟು ವರ್ಷ ಎಲ್ಲಿತ್ತು?” ಮೊದಲು ಎದ್ದ ಕೈ ಅವರದೇ. ಉಳಿದ ಮೂರೂ ಎದ್ದವು.

“ಪಳಗಿದ ಕೈ,” ಎಂದ ವಿಮರ್ಶಕ. “ಲೋಕ ಕಂಡ ಗಂಡಸು ಬರೆದಿರೋದು. ಹೆಂಗಸಿನ ಮನಸ್ಸಿನೊಳಗೆ ಹೇಗೆ ಹೊಕ್ಕಿದಾನೆ ನೋಡಿ.”

“ಅದು ಕಥಾಪಿತಾಮಹರು,” ಎಂದರು ಮೇಷ್ಟ್ರು. “ಜೀವಮಾನವೆಲ್ಲ ಅವರನ್ನೇ ಓದಿದೀನಿ, ನನಗೆ ಗೊತ್ತಾಗಲ್ವಾ? ಅವರ ಕಳೆದುಹೋದ ಕತೆ ಇದು. ಕೊನೆಗಾಲದಲ್ಲಿ ಬರೆದದ್ದು. ಅಷ್ಟು ಮಾಗದೆ ಹೀಗೆ ಬರೆಯೋಕಾಗಲ್ಲ. ಪಟ್ಟಿ ತೆಗಿಯಮ್ಮ.”

ಅವಳು ಮೊದಲನೆಯ ಪಟ್ಟಿ ಕಿತ್ತಳು. “ಹಾಲು ಉಕ್ಕದಂತೆ ನೋಡಿಕೊಳ್ಳುವ ಬಗೆ.”

ಮೇಷ್ಟ್ರು ಕಣ್ಣು ಬಿಟ್ಟು ಅವಳನ್ನು ನೋಡಿದರು. ಅವಳು ಎರಡನೆಯದನ್ನು ಕಿತ್ತಳು. “ಒಬ್ಬ ಗೃಹಿಣಿ.” ಮೂರನೆಯದನ್ನು ಕಿತ್ತು ಇಸವಿ ಓದಿದಳು. ಅದು ಕಥಾಪಿತಾಮಹರ ಮೊದಲ ಕತೆಗಿಂತ ಮೂರು ವರ್ಷ ಹಿಂದಿನದು.

ಮೊದಲು ಚೇತರಿಸಿಕೊಂಡವನು ವಿಮರ್ಶಕ. “ಹಾಗಾದ್ರೆ ಇದನ್ನ ಕತೆ ಅಂತ ಕರಿಯೋದು ಹೇಗೆ? ಸ್ವರೂಪ ಏನಿದ್ರೂ ಸಲಹೆಯದ್ದೇ ಅಲ್ವಾ? ನನ್ನ ಮತ ಸ್ವಲ್ಪ...”

“ಕೈ ಎತ್ತಾಗಿದೆ,” ಎಂದರು ಮೇಷ್ಟ್ರು. “ಇಳಿಸೋ ಬಗೆ ಆ ಅಂಕಣದಲ್ಲಿ ಎಲ್ಲಾದ್ರೂ ಇದ್ರೆ ಹುಡುಕಿ ನೋಡಿ.”

ಬಿರುದು ಕೊಟ್ಟವರು ಅವರು, ಮೊದಲ ಕತೆ ಇದೇ ಎಂದು ಸಾರಿದವರು ಅವರು, ಈಗ ನಾಲ್ಕು ಜನರೆದುರು ಅದೆಲ್ಲ ಒಂದು ಗೋಂದಿನ ಪಟ್ಟಿಯ ಜೊತೆ ಕಿತ್ತುಬಂದಿತ್ತು. ಅಲ್ಪವಿರಾಮಳಿಗೆ ಪಾಪ ಎನಿಸಿತು. ಆದರೂ ಒಳಗಿನ ಸಂತೋಷ ಒಂದಿಷ್ಟೂ ಕಡಿಮೆಯಾಗಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಕುಣಿಯಬೇಕೆನಿಸುತ್ತಿತ್ತು.

“ನನ್ನ ಸೂಚಿಯಲ್ಲಿ ಇದೇನಂತ ಇದೆ?” ಎಂದು ಕೇಳಿದರು ಮೇಷ್ಟ್ರು. ಉತ್ತರ ಅವರಿಗೆ ಗೊತ್ತಿತ್ತು.

“ಬಿಟ್ಟಿದೆ ಅಂತ ಇದೆ ಸರ್.”

“ನಾನು ಓದೇ ಇರ್ಲಿಲ್ಲ,” ಎಂದರು ಅವರು. “ಒಂದು ತಿಂಗಳದ್ದೂ ಓದಿರ್ಲಿಲ್ಲ.” ಮುನ್ನುಡಿಯ ಕರಡು ತರಿಸಿಕೊಂಡು ಎರಡನೆಯ ಪುಟದ ಆ ಎರಡು ವಾಕ್ಯಗಳನ್ನು ಅವಳ ಕೆಂಪು ಪೆನ್ನಿನಿಂದಲೇ ಹೊಡೆದು ಹಾಕಿದರು. ಕಾಗದ ಹರಿಯುವಷ್ಟು ಒತ್ತಿ ಹೊಡೆದರು. “ಕತೆಗಳು ಇಸವಿ ಪ್ರಕಾರ ತಾನೇ? ಹಾಗಾದ್ರೆ ಸಂಪುಟ ಇದರಿಂದಲೇ ಶುರು.”

“ಹೆಸರು ಏನಂತ ಹಾಕೋದು?” ಎಂದ ಕವಿ. “ಅನಾಮಿಕ ಅನ್ನೋಣವಾ?”

“ಅವರೇ ಹಾಕ್ಕೊಂಡಿರೋ ಹೆಸರಿದೆಯಲ್ಲ ಸರ್,” ಎಂದಳು ಅಲ್ಪವಿರಾಮ. “ಒಬ್ಬ ಗೃಹಿಣಿ. ಅದನ್ನ ಯಾರೂ ಮುಟ್ಟಬಾರದು.” ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಯಾರೂ ಮುಟ್ಟಲಿಲ್ಲ.

ಪ್ರಕಾಶಕರು ಗಡಿಯಾರ ನೋಡಿ, “ಅಂತೂ ಮುಗೀತಲ್ಲ, ನಾಳೆ ಅಚ್ಚಿಗೆ ಕಳಿಸಲಾ?” ಎಂದರು.

ಮೇಷ್ಟ್ರು ಅವರ ಕಡೆ ತಿರುಗಲೇ ಇಲ್ಲ. “ನೀನು ಎಷ್ಟು ವರ್ಷದ ಸಂಚಿಕೆ ನೋಡಿದೆಯಮ್ಮ?”

“ಎರಡು ವರ್ಷದ್ದು.”

“ಅಷ್ಟರಲ್ಲಿ ಇಂಥವು ಎಷ್ಟು ಸಿಕ್ಕಿದವು?”

“ಏಳು ಸರ್.”

ಆ ಪತ್ರಿಕೆ ಮೂವತ್ತು ವರ್ಷ ನಡೆದಿತ್ತು. ಅದನ್ನು ಆ ಕೋಣೆಯಲ್ಲಿ ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವರು ಎದ್ದು ಕೋಟು ಹಾಕಿಕೊಂಡರು. “ಅಚ್ಚು ನಿಲ್ಲಿಸಿ,” ಎಂದರು ಪ್ರಕಾಶಕರಿಗೆ. “ನಡೀರಿ ಎಲ್ಲರೂ, ಗ್ರಂಥಾಲಯಕ್ಕೆ. ನೀವೂ ಬನ್ನಿ, ಕಾಗದದ ಬೆಲೆ ಆಮೇಲೆ ನೋಡೋಣ.”

ಆ ಮಧ್ಯಾಹ್ನ ಹಳೆಯ ಗ್ರಂಥಾಲಯದ ಮೇಲಂತಸ್ತಿಗೆ ಬಂದವರು ಮೂಗಿನ ಮೇಲೆ ಬೆರಳಿಟ್ಟು ನೋಡಿಹೋದರು. ಉದ್ದ ಮೇಜಿನ ಸುತ್ತ ನಾಲ್ವರು ಗಣ್ಯರು ಸೀನುತ್ತ, ಮೂಗೊರೆಸಿಕೊಳ್ಳುತ್ತ, ಪಾತ್ರೆ ಬೆಳಗುವ ಬಗೆ, ಇರುವೆ ಬಾರದಂತೆ ಸಕ್ಕರೆ ಕಾಪಾಡುವ ಬಗೆ, ಒದ್ದೆ ಸೌದೆ ಹೊತ್ತಿಸುವ ಬಗೆಗಳನ್ನು ಸಾಲುಸಾಲಾಗಿ ಓದುತ್ತಿದ್ದರು. ಅಲ್ಪವಿರಾಮ ಏಣಿ ಹತ್ತಿ ಸಂಪುಟ ಇಳಿಸಿ ಇಳಿಸಿ ಕೊಡುತ್ತಿದ್ದಳು. ಮೈಯೆಲ್ಲ ಧೂಳು, ಮುಖವೆಲ್ಲ ನಗು. ಪ್ರಕಾಶಕರು ತಿಗಣೆ ಔಷಧಿಯೊಂದನ್ನು ಮನೆಗೆಂದು ಗುರುತು ಹಾಕಿಕೊಂಡರು.

ಸ್ವಲ್ಪ ಹೊತ್ತಿನಲ್ಲೇ ಮೇಷ್ಟ್ರ ಬೆರಳು ಒಂದು ಪುಟದ ಮೇಲೆ ನಿಂತಿತು. ತುಟಿಯಾಡಿಸುತ್ತ ಕೊನೆಯವರೆಗೂ ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ ಇಡೀ ಮೇಲಂತಸ್ತಿಗೆ ಕೇಳುವಂತೆ, ಪರೀಕ್ಷೆಯಲ್ಲಿ ಉತ್ತರ ಹೊಳೆದ ಹುಡುಗನ ಹಾಗೆ ಹೇಳಿದರು:

“ಇಲ್ಲೊಬ್ಬಳಿದ್ದಾಳೆ.”